ಚೌತಿಯ ಚಂದ್ರನನ್ನು ನೋಡಿದ್ದು ನಾನು, ಅಪವಾದ ಬಂದದ್ದು ಅವಳಿಗೆ

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್ ಮನೆ. ಹೋದ ವರ್ಷ ಗಣೇಶ ಚತುರ್ಥಿಯ ಸಂಜೆ ಗಣಪತಿ ಬಿಡಲು ಕೆಳಗೆ ಇಳಿದಾಗ ಮಗ "ಅಮ್ಮಾ, ಅಲ್ಲಿ ನೋಡು" ಅಂದ. ತಲೆ ಎತ್ತಿದೆ, ಚಂದ್ರ ಕಂಡೇಬಿಟ್ಟ. ಆ ದಿನ ಪುರೋಹಿತರು ಸಿಗದೆ ನಾವೇ ಪುಸ್ತಕ ನೋಡಿಕೊಂಡು ಪೂಜೆ ಮಾಡಿದ್ದರಿಂದ ಸ್ಯಮಂತಕದ ಕಥೆಯನ್ನೂ ಓದಿರಲಿಲ್ಲ. ಎರಡು ದಿನಕ್ಕೆ ನನ್ನ ಒಂದು ಓಲೆ ಕಾಣೆಯಾಯಿತು. ಆರು ವರ್ಷದಿಂದ ಮನೆಗೆಲಸಕ್ಕೆ ಬರುತ್ತಿದ್ದವಳನ್ನು ಕೇಳಿದೆ. ಮಾತಿಗೆ ಮಾತು ಬೆಳೆದು ಕೆಲಸ ಬಿಡಿಸಿದೆವು. ನಮ್ಮ ಬ್ಲಾಕಿನ ವಾಟ್ಸಾಪ್ ಗುಂಪಿನಲ್ಲೂ "ಎಲ್ಲರೂ ಹುಷಾರಾಗಿರಿ" ಎಂದು ಹಾಕಿದೆ. ಇನ್ನೆರಡು ಮನೆಯವರೂ ಅವಳನ್ನು ಬಿಡಿಸಿದರು. ದಸರೆಗೆ ನಾದಿನಿ ಬಂದಾಗ, ಅವಳಿಗೆಂದು ಎತ್ತಿಟ್ಟಿದ್ದ ಗೌರಿ ಬಾಗಿನ ಬಿಚ್ಚಿದರೆ ಮೊರದ ಅಕ್ಕಿಯೊಳಗೆ ಓಲೆ ಇತ್ತು! ಇದು ಚಂದ್ರದರ್ಶನದ ದೋಷವೇ? ನೋಡಿದ್ದು ನಾನು, ಅಪವಾದ ಬಂದದ್ದು ಅವಳಿಗೆ, ಹೀಗೇಕೆ? ಈ ಸಲ ಹಬ್ಬಕ್ಕೆ ಮುಂಚೆ ಏನು ಪರಿಹಾರ ಮಾಡಿಸಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ತಾಯೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಆಚರಣೆಯ ವಿಷಯ ಹೇಳಿಬಿಡುತ್ತೇನೆ.

ಭಾದ್ರಪದ ಶುಕ್ಲ ಚೌತಿಯ ಚಂದ್ರನನ್ನು ನೋಡಿದರೆ ಮಿಥ್ಯಾಪವಾದ, ಅಂದರೆ ಮಾಡದ ತಪ್ಪಿನ ಆರೋಪ, ಬರುತ್ತದೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಹೊಟ್ಟೆತುಂಬ ಮೋದಕ ತಿಂದ ಗಣಪ ಇಲಿಯ ಮೇಲಿಂದ ಬಿದ್ದದ್ದು, ಚಂದ್ರ ನಕ್ಕು ಶಾಪ ಪಡೆದದ್ದು ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಆದರೆ ಚೌತಿಯ ಚಂದ್ರ ಸಂಜೆಯೇ ಪಡುವಣದಲ್ಲಿ ಕಾಣಿಸಿಕೊಂಡು ಬೇಗ ಮುಳುಗುವವನು. ನಾವು ಗಣಪತಿ ಬಿಡಲು ಹೊರಡುವುದೂ ಅದೇ ಹೊತ್ತಿಗೆ. ಅಕಸ್ಮಾತ್ ಕಂಡುಬಿಟ್ಟರೆ ಗಾಬರಿಪಡಬೇಕಿಲ್ಲ. ಪೂಜೆಯ ಕೊನೆಗೆ ಕೈಯಲ್ಲಿ ಅಕ್ಷತೆ ಹಿಡಿದು ಸ್ಯಮಂತಕೋಪಾಖ್ಯಾನ ಕೇಳಿ, ಆ ಅಕ್ಷತೆಯನ್ನು ತಲೆಗೆ ಹಾಕಿಕೊಳ್ಳುವ ರೂಢಿ ಇರುವುದು ಇದಕ್ಕಾಗಿಯೇ. ಕಥೆ ಪೂರ್ತಿ ಓದಲಾಗದವರು ಪ್ರಸೇನ, ಸಿಂಹ, ಜಾಂಬವಂತರ ಹೆಸರು ಬರುವ ಒಂದು ಶ್ಲೋಕವನ್ನಾದರೂ ಹೇಳಿಕೊಳ್ಳುತ್ತಾರೆ.

ಚಂದ್ರನೇ ಕೆಟ್ಟವನು ಅಂತಲೂ ತಿಳಿಯಬೇಡಿ. ಪ್ರತಿ ತಿಂಗಳ ಸಂಕಷ್ಟಿಯಲ್ಲಿ ಅದೇ ಗಣಪತಿಯ ಹೆಸರಿನಲ್ಲಿ ಚಂದ್ರನನ್ನು ನೋಡಿದ ಮೇಲೇ ಊಟ ಮಾಡುತ್ತೇವಲ್ಲ! ಬಿಹಾರದ ಮಿಥಿಲೆಯಲ್ಲಂತೂ ನಾವು ನೋಡಬಾರದೆನ್ನುವ ಇದೇ ಭಾದ್ರಪದ ಚೌತಿಯಂದು ಚೌರ್ಚನ್ ಎಂಬ ಹಬ್ಬ ಮಾಡಿ, ಹಣ್ಣು ಮೊಸರು ಹಿಡಿದು ಚಂದ್ರನನ್ನೇ ಪೂಜಿಸುತ್ತಾರೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನೋಡಿದ್ದು ನೀವು, ಅಪವಾದ ಬಂದದ್ದು ಆಕೆಗೆ. ಇದಕ್ಕೆ ಉತ್ತರ ನೀವು ಓದದೆ ಬಿಟ್ಟ ಆ ಕಥೆಯಲ್ಲೇ ಇದೆ.

ಭಾಗವತದ ದಶಮ ಸ್ಕಂಧದಲ್ಲಿ ಈ ಕಥೆ ಬರುತ್ತದೆ. ಸತ್ರಾಜಿತನಿಗೆ ಸೂರ್ಯನಿಂದ ಸ್ಯಮಂತಕ ಮಣಿ ಸಿಕ್ಕಿತು. ದಿನಕ್ಕೆ ಎಂಟು ಭಾರ ಚಿನ್ನ ಕೊಡುವ ಮಣಿ ಅದು. ಅದನ್ನು ರಾಜ ಉಗ್ರಸೇನನಿಗೆ ಕೊಡು ಎಂದು ಕೃಷ್ಣ ಕೇಳಿದ, ಸತ್ರಾಜಿತ ಕೊಡಲಿಲ್ಲ. ಅವನ ತಮ್ಮ ಪ್ರಸೇನ ಮಣಿಯನ್ನು ಕೊರಳಿಗೆ ಹಾಕಿಕೊಂಡು ಬೇಟೆಗೆ ಹೋದವನು ಮರಳಿ ಬರಲಿಲ್ಲ. ಕಾಡಿನಲ್ಲಿ ಸಿಂಹ ಅವನನ್ನು ಕೊಂದಿತ್ತು. ಆ ಸಿಂಹವನ್ನು ಜಾಂಬವಂತ ಕೊಂದು, ಮಣಿಯನ್ನು ತನ್ನ ಮಗುವಿಗೆ ಆಟಕ್ಕೆ ಕೊಟ್ಟಿದ್ದ. ಇದ್ಯಾವುದೂ ಗೊತ್ತಿಲ್ಲದ ಸತ್ರಾಜಿತ, "ಕೃಷ್ಣನೇ ನನ್ನ ತಮ್ಮನನ್ನು ಕೊಂದಿರಬೇಕು" ಅಂದ. ಜನ ಅದನ್ನು ಕಿವಿಯಿಂದ ಕಿವಿಗೆ ದಾಟಿಸಿದರು.

ಇಲ್ಲಿ ಒಂದು ವಿಷಯ ಗಮನಿಸಿ. ಭಾಗವತದ ಈ ಕಥೆಯಲ್ಲಿ ಚೌತಿ ಚಂದ್ರನ ಪ್ರಸ್ತಾಪವೇ ಇಲ್ಲ. ಅದು ವ್ರತಕಥೆಯಲ್ಲಿ ಬರುತ್ತದೆ. ಭಾಗವತದ ಪ್ರಕಾರ ಅಪವಾದ ಆಕಾಶದಿಂದ ಇಳಿದದ್ದಲ್ಲ, ಒಬ್ಬ ಮನುಷ್ಯನ ಬಾಯಿಂದ ಹೊರಟದ್ದು. ಅವನಿಗೆ ಕೃಷ್ಣನ ಮೇಲೇ ಅನುಮಾನ ಯಾಕೆ ಬಂತು? ಹಿಂದೊಮ್ಮೆ ಕೃಷ್ಣ ಮಣಿಯನ್ನು ಕೇಳಿದ್ದ, ಅಷ್ಟೆ. ಕೇಳಿದವನೇ ಕದ್ದವನು ಎಂಬ ಲೆಕ್ಕ. ನಿಮ್ಮ ಮನೆಗೆಲಸದಾಕೆಯೂ ಯಾವತ್ತೋ ಮಗುವಿನ ಫೀಸಿಗೋ, ಬಾಡಿಗೆ ಅಡ್ವಾನ್ಸಿಗೋ ಸಾಲ ಕೇಳಿದ್ದಳೇ ನೆನಪು ಮಾಡಿಕೊಳ್ಳಿ. ಇಲ್ಲದವರು ಕೈಚಾಚಿದ್ದು ಇದ್ದವರ ಮನಸ್ಸಿನಲ್ಲಿ ಸಾಕ್ಷಿಯಾಗಿ ಕೂತುಬಿಡುತ್ತದೆ.

ಈ ಕಥೆ ಓದುವಾಗ ನಾವೆಲ್ಲ ನಮ್ಮನ್ನು ಕೃಷ್ಣನ ಜಾಗದಲ್ಲಿ ಇಟ್ಟುಕೊಳ್ಳುತ್ತೇವೆ. ನಮಗೆ ಅಪವಾದ ಬರಬಾರದು ಅಂತ ಅಕ್ಷತೆ ಹಾಕಿಕೊಳ್ಳುತ್ತೇವೆ. ನಿಮಗೆ ಬೇಜಾರಾಗಬಹುದು, ಆದರೂ ಹೇಳಬೇಕು: ನಿಮ್ಮ ಮನೆಯಲ್ಲಿ ನಡೆದ ಕಥೆಯಲ್ಲಿ ಕೃಷ್ಣನ ಜಾಗದಲ್ಲಿ ನಿಂತವಳು ಆಕೆ. ನೀವು ನಿಂತದ್ದು ಸತ್ರಾಜಿತನ ಜಾಗದಲ್ಲಿ. ಕೃಷ್ಣನಿಗಾದರೂ ಜನರನ್ನು ಕರೆದುಕೊಂಡು ಕಾಡಿಗೆ ಹೋಗಿ, ಹೆಜ್ಜೆ ಜಾಡು ಹಿಡಿದು ಹುಡುಕುವ ಅವಕಾಶವಿತ್ತು. ಆಕೆಗೆ ಅದೂ ಇರಲಿಲ್ಲ. ಬಾಗಿನದ ಮೊರ ನಿಮ್ಮ ಮನೆಯೊಳಗಿತ್ತು, ಆಕೆಯನ್ನು ಬಾಗಿಲಾಚೆ ಕಳಿಸಿಯಾಗಿತ್ತು.

ದ್ವಾರಕೆಯ ಕಿವಿಮಾತಿನ ಕೆಲಸವನ್ನು ಈಗ ನಮ್ಮ ಜೇಬಿನ ಮೊಬೈಲು ಮಾಡುತ್ತಿದೆ. 2018ರ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ನೆನಪಿರಬಹುದು. ಹೈದರಾಬಾದಿನಿಂದ ಬಂದಿದ್ದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಜನ ಅಡ್ಡಗಟ್ಟಿ ಹೊಡೆದರು. ಅವರಲ್ಲಿ ಒಬ್ಬ ಯುವ ಎಂಜಿನಿಯರ್ ಸತ್ತೇಹೋದ. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸಲಾಗದಂತೆ ಮಿತಿ ಹಾಕುವುದಾಗಿ ಹೇಳಿತು. ಯಂತ್ರಕ್ಕೆ ಮಿತಿ ಹಾಕಬಹುದು. ಆದರೆ ಮೊದಲ ಸಲ ಬರೆಯುವ ಬೆರಳಿಗೆ ಮಿತಿ ಹಾಕಬೇಕಾದವರು ನಾವೇ. "ಹುಷಾರಾಗಿರಿ" ಎಂಬ ನಿಮ್ಮ ಒಂದು ಮಾತು ಆಕೆಗೆ ಇನ್ನೆರಡು ಮನೆಗಳ ಕೆಲಸ ಕಳೆಯಿತು. ನೀವು ಕಳ್ಳಿ ಅಂತ ಬರೆದಿರಲಿಕ್ಕಿಲ್ಲ. ಓದಿದವರು ಹಾಗೇ ಓದಿಕೊಂಡರು.

ಈಗ ಪರಿಹಾರದ ಮಾತು. ಚೌತಿಯಂದು ಹೇಳುವ ಆ ಶ್ಲೋಕದಲ್ಲಿ ಏನಿದೆ ಎಂದು ಯಾವತ್ತಾದರೂ ಅರ್ಥ ನೋಡಿದ್ದೀರಾ? ವಿಷ್ಣುಪುರಾಣದಲ್ಲಿ ಅದು ಗುಹೆಯೊಳಗಿನ ದಾದಿಯೊಬ್ಬಳ ಮಾತು. ಮಗು ಅಳುತ್ತಿದೆ. ಪ್ರಸೇನನನ್ನು ಕೊಂದದ್ದು ಯಾರು, ಆ ಸಿಂಹವನ್ನು ಕೊಂದದ್ದು ಯಾರು, ಮಣಿ ಈಗ ಎಲ್ಲಿದೆ ಎಂದು ಹೇಳಿ ಅವಳು ಅಳು ನಿಲ್ಲಿಸು ಎನ್ನುತ್ತಾಳೆ. ಅದರಲ್ಲಿ ಯಾವ ದೇವರ ಸ್ತುತಿಯೂ ಇಲ್ಲ, ಬೀಜಾಕ್ಷರವೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಅಷ್ಟೇ. ಅದನ್ನು ಕೇಳಿಯೇ ಕೃಷ್ಣನಿಗೆ ಮಣಿಯ ಸುಳಿವು ಸಿಕ್ಕಿದ್ದು. ಸುಳ್ಳು ಅಪವಾದಕ್ಕೆ ಹಿರಿಯರು ಇಟ್ಟ ಪರಿಹಾರ ಇದು: ನಿಜವಾಗಿ ನಡೆದದ್ದನ್ನು ಬಾಯಿಬಿಟ್ಟು ಹೇಳುವುದು. ವರ್ಷಕ್ಕೊಮ್ಮೆ ಆ ಶ್ಲೋಕ ಹೇಳಿ, ನಮ್ಮ ಮನೆಯಲ್ಲಿ ನಡೆದದ್ದನ್ನು ಮಾತ್ರ ಮುಚ್ಚಿಟ್ಟುಕೊಂಡರೆ ಅದು ಬರೀ ಬಾಯಿಪಾಠ.

ಕೃಷ್ಣ ಇಪ್ಪತ್ತೆಂಟು ದಿನ ಜಾಂಬವಂತನೊಡನೆ ಸೆಣಸಿ ಮಣಿ ತಂದ. ತಂದವನು ಅದನ್ನು ಗುಟ್ಟಾಗಿ ಸತ್ರಾಜಿತನ ಮನೆಗೆ ಕಳಿಸಲಿಲ್ಲ. ಉಗ್ರಸೇನನ ಎದುರು, ತುಂಬಿದ ಸಭೆಗೆ ಅವನನ್ನು ಕರೆಸಿ, ನಡೆದದ್ದನ್ನೆಲ್ಲ ಹೇಳಿ ಕೊಟ್ಟ. ಊರೆಲ್ಲ ಹಬ್ಬಿದ ಮಾತು ಊರ ಮುಂದೆಯೇ ತೊಳೆದುಹೋಗಬೇಕಿತ್ತು. ಸತ್ರಾಜಿತ ನಾಚಿ ತಲೆತಗ್ಗಿಸಿ ಮನೆಗೆ ಹೋದ, ಮಾಡಿದ ತಪ್ಪನ್ನು ಹೇಗೆ ತೊಳೆದುಕೊಳ್ಳಲಿ ಎಂದು ಬೆಂದ. ಕೊನೆಗೆ ಮಗಳು ಸತ್ಯಭಾಮೆಯನ್ನೂ ಮಣಿಯನ್ನೂ ಕೃಷ್ಣನಿಗೆ ಕೊಟ್ಟ. ಮಗಳನ್ನು ಕೊಡುವ ರೀತಿ ಆ ಕಾಲದ್ದು, ಅದು ಬಿಡಿ. ನಾವು ಹಿಡಿಯಬೇಕಾದದ್ದು ಅವನ ಯೋಚನೆಯನ್ನು. ಮಣಿ ಸಿಕ್ಕಿತಲ್ಲ, ಮುಗಿಯಿತು ಅಂತ ಅವನು ಸುಮ್ಮನಾಗಲಿಲ್ಲ.

ಆದ್ದರಿಂದ ನಿಮಗೆ ನಾನು ಹೇಳುವುದು ಇಷ್ಟು. ಹಬ್ಬದ ತನಕ ಕಾಯಬೇಡಿ. ಯಾವ ಗುಂಪಿನಲ್ಲಿ ಬರೆದಿದ್ದಿರೋ ಅದೇ ಗುಂಪಿನಲ್ಲಿ, ಓಲೆ ನಮ್ಮ ಮನೆಯ ಬಾಗಿನದಲ್ಲೇ ಸಿಕ್ಕಿತು, ಆಕೆಯ ತಪ್ಪು ಏನೂ ಇರಲಿಲ್ಲ, ತಪ್ಪು ನನ್ನದು ಎಂದು ಬರೆಯಿರಿ. "ಏನೋ ತಪ್ಪು ತಿಳಿವಳಿಕೆ ಆಯಿತು" ಅಂತ ಜಾರಿಸಬೇಡಿ. ಕೆಲಸ ಬಿಡಿಸಿದ ಆ ಎರಡು ಮನೆಗಳಿಗೆ ನೀವೇ ಹೋಗಿ ಬಾಯಿಬಿಟ್ಟು ಹೇಳಿ. ಆಮೇಲೆ ಯಜಮಾನರೊಡನೆ ಆಕೆಯ ಮನೆಗೆ ಹೋಗಿ. ಆಕೆಯ ಮಕ್ಕಳು ಇರುವ ಹೊತ್ತಿನಲ್ಲೇ ಹೋಗಿ. ಯಾಕೆಂದರೆ ಅಮ್ಮನನ್ನು ಕಳ್ಳಿ ಅಂದರು ಎಂಬುದು ಆ ಮಕ್ಕಳ ಕಿವಿಗೂ ಬಿದ್ದಿರುತ್ತದೆ. ಕೆಲಸ ಹೋಗಿ ನಷ್ಟವಾದ ಸಂಬಳವನ್ನು ಲೆಕ್ಕ ಹಾಕಿ ಕೊಡಿ. ಅದನ್ನು ದಾನ ಅನ್ನಬೇಡಿ, ಅದು ನೀವು ತೀರಿಸಬೇಕಾದ ಬಾಕಿ.

ಆಕೆ ಮತ್ತೆ ನಿಮ್ಮ ಮನೆಗೆ ಬರಲೇಬೇಕೆಂದು ಒತ್ತಾಯ ಮಾಡಬೇಡಿ. ಕೃಷ್ಣ ಕೂಡ ಮಣಿಯನ್ನು ಇಟ್ಟುಕೊಳ್ಳಲಿಲ್ಲ, ನಿನ್ನ ಹತ್ತಿರವೇ ಇರಲಿ ಅಂದ. ಕೊಟ್ಟದ್ದನ್ನು ತೆಗೆದುಕೊಳ್ಳುವುದು, ಬಿಡುವುದು ನೋವು ತಿಂದವರ ಇಷ್ಟ. ಆಕೆ ಬಾಗಿಲಲ್ಲೇ ನಿಲ್ಲಿಸಿ ನಾಲ್ಕು ಮಾತು ಆಡಿದರೆ ಕೇಳಿಕೊಂಡು ಬನ್ನಿ. ಅಷ್ಟನ್ನು ಕೇಳಿಸಿಕೊಳ್ಳುವುದೂ ಪ್ರಾಯಶ್ಚಿತ್ತವೇ.

ಇಷ್ಟೆಲ್ಲ ಆದರೂ ಮಾತು ಪೂರ್ತಿ ಅಳಿಸಿಹೋಗುತ್ತದೆಂದು ನಾನು ಹೇಳಲಾರೆ. ಅದೇ ಮಣಿಯ ವಿಷಯದಲ್ಲಿ ಮುಂದೆ ಸ್ವಂತ ಅಣ್ಣ ಬಲರಾಮನೇ ತನ್ನನ್ನು ಪೂರ್ತಿ ನಂಬುತ್ತಿಲ್ಲ ಎಂದು ಕೃಷ್ಣ ಅಕ್ರೂರನ ಹತ್ತಿರ ಹೇಳಿಕೊಳ್ಳಬೇಕಾಯಿತು. ಭಗವಂತನಿಗೇ ಹೀಗಾದರೆ, ನಾಲ್ಕು ಮನೆಯ ಪಾತ್ರೆ ತೊಳೆದು ಬದುಕುವ ಹೆಣ್ಣುಮಗಳ ಗತಿ ಏನು? ಅದಕ್ಕೇ ಒಮ್ಮೆ ಬರೆದು ಸುಮ್ಮನಾಗಬೇಡಿ. ಯಾರಾದರೂ ಆ ಮಾತು ಎತ್ತಿದಾಗಲೆಲ್ಲ ನಿಜ ಹೇಳಿ.

ಆಮೇಲೆ ಈ ಸಲದ ಚೌತಿಗೆ ಮನೆಯವರೆಲ್ಲ ಕೂತು, ಕೈಯಲ್ಲಿ ಅಕ್ಷತೆ ಹಿಡಿದು, ಸ್ಯಮಂತಕದ ಕಥೆಯನ್ನು ಸಾವಕಾಶವಾಗಿ ಓದಿ. ಮಗನಿಗೂ ಕೇಳಿಸಿ. ಅಕ್ಷತೆ ತಲೆಗೆ ಹಾಕಿಕೊಳ್ಳುವಾಗ, ನಮಗೆ ಅಪವಾದ ಬಾರದಿರಲಿ ಎನ್ನುವುದರ ಜೊತೆಗೆ, ನಮ್ಮಿಂದ ಯಾರಿಗೂ ಅಪವಾದ ಹೋಗದಿರಲಿ ಎಂದೂ ಬೇಡಿಕೊಳ್ಳಿ. ವಿಸರ್ಜನೆಯ ಹೊತ್ತಿಗೆ ಚಂದ್ರ ಕಂಡರೆ ಕಾಣಲಿ ಬಿಡಿ.

ಶುಭವಾಗಲಿ.