ಪೂರ್ವಾಶ್ರಮದ ಹೆಸರು

ಸನತ್‌ನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಚಳಿಗಾಲವಿಡೀ ನಮೂನೆಗಳ ಕಟ್ಟೊಂದು ಬಿದ್ದಿತ್ತು. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರ ಪರಿಚಯ ಕೋಶವೊಂದನ್ನು ತರಬೇಕೆಂದು ನಾವು ನಾಲ್ಕೈದು ಮಂದಿ ಹೊರಟಿದ್ದೆವು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಿಂದಲೂ ಓದಿಗೆ, ನೌಕರಿಗೆ, ವ್ಯಾಪಾರಕ್ಕೆ ಇಲ್ಲಿಗೆ ಬಂದು ಇಲ್ಲಿಯವರೇ ಆದ ಮನೆತನಗಳು ಬಹಳ. ನಮೂನೆಯಲ್ಲಿ ಹೆಸರು, ಊರು, ವೃತ್ತಿ, ಅದರ ಕೆಳಗೆ ‘ಹಿಂದಿನ ಹೆಸರು (ಇದ್ದರೆ)’ ಎಂಬ ಸಾಲು. ಮದುವೆಯಾದ ಹೆಣ್ಣುಮಕ್ಕಳನ್ನು ನೆನೆದು ನಾನೇ ಸೇರಿಸಿದ ಸಾಲು ಅದು. ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಸೊಸೆಯ ಹೊಸ ಹೆಸರನ್ನು ಬರೆಯುತ್ತಾರೆ. ತವರಿನ ಹೆಸರು ಅಲ್ಲಿಗೆ ಮರೆಯಾಗುತ್ತದೆ. ಅದು ಕೋಶದಲ್ಲಾದರೂ ಉಳಿಯಲಿ ಎಂಬುದು ನನ್ನ ಆಸೆಯಾಗಿತ್ತು.

ಒಂದು ನಮೂನೆಯಲ್ಲಿ ಮಾತ್ರ ಆ ಸಾಲಿನ ಎದುರು ಉದ್ದಕ್ಕೆ ಗೀಟು ಎಳೆದಿತ್ತು. ಪೆನ್ನು ಎಷ್ಟು ಒತ್ತಿ ಎಳೆದಿದ್ದರೆಂದರೆ, ಹಾಳೆ ತಿರುಗಿಸಿದರೆ ಹಿಂಬದಿಯಲ್ಲೂ ಗೆರೆ ಕೈಗೆ ತಾಕುತ್ತಿತ್ತು. ಕಳಿಸಿದವರು ರಾಯಚೂರು ಸೀಮೆಯಿಂದ ಬಂದು ಇಲ್ಲಿ ಹೊಲಿಗೆ ಕೆಲಸ ಮಾಡಿಕೊಂಡಿರುವ ಒಬ್ಬ ಟ್ರಾನ್ಸ್ ಮಹಿಳೆ. ನಮ್ಮಲ್ಲೊಬ್ಬರಿಗೆ ಅವರ ಹಳೆಯ ಹೆಸರು ಗೊತ್ತಿತ್ತು. “ಹಾಕೋಣ ಬಿಡ್ರಿ, ಕೋಶ ಅಂದಮ್ಯಾಲ ಎಲ್ಲಾ ಇರಬೇಕು” ಎಂದರು. ಕೇಳದೆ ಹಾಕುವುದು ಬೇಡವೆಂದು ನಾನು ಫೋನ್ ಮಾಡಿದೆ. ಆಕೆ ಸಿಟ್ಟಾಗಲಿಲ್ಲ. “ಅಣ್ಣಾರ, ಆ ಹೆಸರ ಹಿಡದು ಹುಡುಕಿದ್ರ ನಾ ಸಿಗಂಗಿಲ್ರಿ” ಎಂದರು, ಅಷ್ಟೆ.

ತತ್ತ್ವಶಾಸ್ತ್ರ ನೂರಾರು ವರ್ಷ ಜಗ್ಗಾಡಿದ ಪ್ರಶ್ನೆಯೊಂದು ಈ ಮಾತಿನೊಳಗಿದೆ. ಹೆಸರು ಏನು ಕೆಲಸ ಮಾಡುತ್ತದೆ? ಬರೀ ತೋರಿಸುತ್ತದೆಯೋ, ತೋರಿಸುವುದರ ಜತೆಗೆ ಏನನ್ನಾದರೂ ಹೇಳುತ್ತದೆಯೋ?

ಶಾಲೆಯಲ್ಲಿ ವ್ಯಾಕರಣ ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ರೂಢನಾಮ, ಅನ್ವರ್ಥನಾಮ, ಅಂಕಿತನಾಮ ಎಂದು ಬಾಯಿಪಾಠ ಮಾಡಿದ್ದೇವೆ. ವ್ಯಾಪಾರಿ, ಯೋಗಿ ಎಂಬವು ಅನ್ವರ್ಥ, ಅರ್ಥ ಹೊಂದಿದರೆ ಮಾತ್ರ ಸಲ್ಲುತ್ತವೆ. ಅಂಕಿತನಾಮಕ್ಕೆ ಆ ಕಟ್ಟು ಇಲ್ಲ, ಅದು ಗುರುತಿಗಾಗಿ ಇಟ್ಟದ್ದು. ಧರ್ಮರಾಯ ಎಂಬ ಹೆಸರಿನವನು ಅಧರ್ಮಿಯಾದರೂ ಹೆಸರು ತಪ್ಪಾಗುವುದಿಲ್ಲ. ಸಂಸ್ಕೃತ ವೈಯಾಕರಣರು ಇಂಥದನ್ನು ಯದೃಚ್ಛಾಶಬ್ದ ಎಂದು ಕರೆದು ‘ಡಿತ್ಥ’ ಎಂಬ, ಅರ್ಥವೇ ಇಲ್ಲದ ಹೆಸರನ್ನು ಉದಾಹರಣೆಗೆ ಇಟ್ಟುಕೊಂಡರು. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಡಾರ್ಟ್ ನದಿ ಸಮುದ್ರ ಸೇರುವಲ್ಲಿ ಇರುವುದರಿಂದ ಆ ಊರು ಡಾರ್ಟ್‌ಮೌತ್. ನಾಳೆ ನದಿ ಬೇರೆ ದಾರಿ ಹಿಡಿದರೂ ಊರು ಡಾರ್ಟ್‌ಮೌತ್ ಆಗಿಯೇ ಇರುತ್ತದೆ. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. 1942ರಲ್ಲಿ ನಿಜಾಮ್ ಸರ್ಕಾರದ ಹಣವೂ ಅಲ್ಲಾವುದ್ದೀನ್ ಅಂಡ್ ಕಂಪನಿಯ ಹಣವೂ ಸೇರಿ ಹುಟ್ಟಿದ ಕಾರ್ಖಾನೆ ಹೈದರಾಬಾದ್ ಆಲ್ವಿನ್, ಅಲ್ಲಾವುದ್ದೀನ್ ಎಂಬುದೇ ಸವೆದು ಆಲ್ವಿನ್ ಆದದ್ದು. ಸನತ್‌ನಗರದ ಅದರ ಶೆಡ್ಡುಗಳಿಂದ ಫ್ರಿಜ್ಜು, ಬಸ್ಸಿನ ಬಾಡಿ ಹೊರಬರುತ್ತಿದ್ದವು. ಕಂಪನಿ ಹೋಯಿತು. ಕೂಕಟ್‌ಪಲ್ಲಿ ಕಡೆ ಆಲ್ವಿನ್ ಕಾಲೊನಿ ಮಾತ್ರ ಉಳಿದಿದೆ. ಆಟೋದವನಿಗೆ ಅಲ್ಲಾವುದ್ದೀನ್ ಯಾರೆಂದು ಗೊತ್ತಿರಬೇಕಿಲ್ಲ, ಕಾಲೊನಿಗೆ ಕರೆದೊಯ್ಯುತ್ತಾನೆ.

ಈ ಲೆಕ್ಕದಲ್ಲಿ ಹೆಸರು ಒಂದು ಚೀಟಿ. ಚೀಟಿ ಎರಡಿದ್ದರೆ ಎರಡನ್ನೂ ಅಂಟಿಸಿ ಎಂದು ನಮ್ಮ ಗೆಳೆಯರು ಹೇಳಿದ್ದು ಸರಿ ಎನ್ನಬೇಕಾಗುತ್ತದೆ.

ಆದರೆ 1892ರಲ್ಲಿ ಜರ್ಮನಿಯ ಗಾಟ್ಲೋಬ್ ಫ್ರೇಗ ಇದಕ್ಕೊಂದು ತೊಡಕು ತಂದಿಟ್ಟ. ನಸುಕಿನಲ್ಲಿ ಮೂಡುವ ಬೆಳ್ಳಿಯೂ ಸಂಜೆ ಪಡುವಣದಲ್ಲಿ ಹೊಳೆಯುವ ಚುಕ್ಕಿಯೂ ಒಂದೇ ಶುಕ್ರಗ್ರಹ. ಹಾಗಿದ್ದರೂ ‘ಬೆಳಗಿನ ಚುಕ್ಕಿಯೇ ಸಂಜೆಯ ಚುಕ್ಕಿ’ ಎಂದಾಗ ನಾವು ಹೊಸದೊಂದನ್ನು ತಿಳಿದುಕೊಳ್ಳುತ್ತೇವೆ. ‘ಬೆಳಗಿನ ಚುಕ್ಕಿಯೇ ಬೆಳಗಿನ ಚುಕ್ಕಿ’ ಎಂದರೆ ಏನೂ ತಿಳಿಯುವುದಿಲ್ಲ. ಎರಡು ಹೆಸರೂ ಮುಟ್ಟುವ ವಸ್ತು ಒಂದೇ, ಅದು ನಮಗೆ ಕಾಣಿಸಿಕೊಳ್ಳುವ ಬಗೆ ಬೇರೆ. ಆ ಬಗೆಯನ್ನು ಫ್ರೇಗ ಹೆಸರಿನ ‘ಅರ್ಥ’ ಎಂದ, ಮುಟ್ಟುವ ವಸ್ತುವನ್ನು ಅದರ ‘ನಿರ್ದೇಶ’ ಎಂದ.

ಕನ್ನಡದ ಹೆಸರುಗಳಿಗೆ ಮಿಲ್ಲನಿಗಿಂತ ಫ್ರೇಗನೇ ಹತ್ತಿರ ಎಂದು ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಹೆಸರು ಸುಮ್ಮನೆ ಬೆರಳು ತೋರಿಸಿ ನಿಲ್ಲುವುದು ಅಪರೂಪ. ಕೊನೆಯ ಅಪ್ಪ, ಅಮ್ಮ, ಅಕ್ಕ, ಅಯ್ಯ ಎಂಬ ತುಣುಕೇ ಗಂಡೋ ಹೆಣ್ಣೋ ಹೇಳಿಬಿಡುತ್ತದೆ. ಅಡ್ಡಹೆಸರು ಜಾತಿಯನ್ನೂ ಊರನ್ನೂ ಹೇಳುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡ ಕೂಸು ತಿಪ್ಪಯ್ಯ, ಅದರಲ್ಲಿ ತಾಯಿಯ ಭಯವಿದೆ. ದಲಿತ ಕೇರಿಯ ಎಷ್ಟೋ ಮಕ್ಕಳಿಗೆ ಮೇಲಿನವರ ಬಾಯಿಂದ ಬಂದ ಹೆಸರುಗಳಲ್ಲಿ ಹೀಯಾಳಿಕೆ ಇತ್ತು. ಶಾಲೆಗೆ ಸೇರುವಾಗ ಅದನ್ನು ಬಿಟ್ಟು ಬೇರೆ ಹೆಸರು ಬರೆಸಿದವನ ಪರಿಚಯದಲ್ಲಿ ಹಳೆಯದನ್ನು ಮತ್ತೆ ಅಚ್ಚು ಹಾಕಿದರೆ, ನಾವು ಅವನನ್ನು ಗುರುತಿಸಿದಂತಾಗುವುದಿಲ್ಲ, ಹೀಯಾಳಿಸಿದವರ ಮಾತನ್ನೇ ಮುಂದುವರಿಸಿದಂತಾಗುತ್ತದೆ. ಟ್ರಾನ್ಸ್ ಮಹಿಳೆಯ ಹಳೆಯ ಹೆಸರೂ ಹಾಗೆಯೇ. ಅದು ಆಕೆಯತ್ತ ಬೆರಳು ತೋರಿಸುತ್ತಲೇ ‘ಇವರು ಗಂಡು’ ಎಂಬ ವಾಕ್ಯವನ್ನೂ ಸೇರಿಸಿ ಹೇಳುತ್ತದೆ. ಕೋಶಕಾರ ಆ ವಾಕ್ಯಕ್ಕೆ ಸಹಿ ಹಾಕಿದ ಹಾಗೆ.

ಇಲ್ಲಿ ಮೂರನೆಯವನೊಬ್ಬನ ಮಾತು ಬೇಕು. ಅಮೆರಿಕದ ಸಾಲ್ ಕ್ರಿಪ್ಕಿ 1970ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಕೊಟ್ಟ ಉಪನ್ಯಾಸಗಳು 1980ರಲ್ಲಿ ಪುಸ್ತಕವಾದವು. ಹೆಸರು ವರ್ಣನೆಯಿಂದ ಅಂಟಿಕೊಳ್ಳುವುದಿಲ್ಲ ಎಂಬುದು ಅವನ ವಾದ. ಕುಪ್ಪಳಿಯ ಪುಟ್ಟಪ್ಪ ಒಂದು ಸಾಲನ್ನೂ ಬರೆಯದೆ ತೋಟ ನೋಡಿಕೊಂಡು ಇದ್ದುಬಿಟ್ಟಿದ್ದರೆ? ನಾವು ಹೀಗೆ ಕೇಳುವಾಗಲೂ ಕೇಳುವುದು ಅವರ ಬಗ್ಗೆಯೇ, ಹಾಗಾಗಿ ‘ರಾಮಾಯಣ ದರ್ಶನಂ ಬರೆದವರು’ ಎಂಬ ವರ್ಣನೆ ಆ ಹೆಸರಿನ ತಿರುಳಲ್ಲ. ಒಮ್ಮೆ ಹೆಸರಿಡುವ ಗಳಿಗೆ ಇರುತ್ತದೆ, ಅಲ್ಲಿಂದ ಹೆಸರು ಬಾಯಿಂದ ಬಾಯಿಗೆ ಸಾಗುತ್ತದೆ, ಆ ಸರಪಳಿಯೇ ಹೆಸರನ್ನು ಆಳಿಗೆ ಕಟ್ಟಿಡುತ್ತದೆ. ಉತ್ತರ ಕರ್ನಾಟಕದ ತೊಟ್ಟಿಲ ಕಾರ್ಯ ನೋಡಿದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಉಸುರುತ್ತಾಳೆ, ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ, ನಗು ಏಳುತ್ತದೆ, ಸರಪಳಿಯ ಮೊದಲ ಕೊಂಡಿ ಬಿದ್ದಂತಾಯಿತು.

ಹೆಸರಿಡುವ ಗಳಿಗೆ ಬಾಳಿನಲ್ಲಿ ಒಂದೇ ಇರಬೇಕೆಂದು ಕ್ರಿಪ್ಕಿ ಎಲ್ಲೂ ಹೇಳುವುದಿಲ್ಲ. ಎರಡನೆಯ ನಾಮಕರಣವನ್ನು ನಮ್ಮ ನಾಡು ಬಹಳ ಹಿಂದಿನಿಂದ ಬಲ್ಲದು. ಶ್ರೀನಿವಾಸ ನಾಯಕ ಪುರಂದರದಾಸರಾದರು, ತಿಮ್ಮಪ್ಪ ನಾಯಕ ಕನಕದಾಸರಾದರು. ಸಿಂಗಾನಲ್ಲೂರಿನ ಮುತ್ತುರಾಜ್ 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. ಹೊಸಪೇಟೆ ಬಳಿಯ ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿಯಾದವರಿಗೆ ಅಲ್ಲಿಂದ ಮುಂದಿನ ಬಾಳು ಅಮ್ಮನ ಹೆಸರಿನದು. ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ಈ ಎರಡನೆಯ ಹೆಸರಿನಲ್ಲೇ. ಮೊದಲಿನ ಹೆಸರನ್ನು ಅವರು ತಮ್ಮ ಆತ್ಮಕಥೆಯಲ್ಲಿ ತಾವೇ ಹೇಳಿಕೊಂಡಿದ್ದಾರೆ. ಇಲ್ಲಿ ನಾನು ಬರೆದಿಲ್ಲ. ಮಂಜಮ್ಮ ಎಂದ ಕೂಡಲೇ ನಿಮಗೆ ಅವರು ಸಿಕ್ಕರಲ್ಲವೇ? ತನ್ನ ಕಥೆಯ ನಡುವೆ, ನೋವಿನ ಜೊತೆಗೆ ತಾನೇ ಹೇಳುವ ಹೆಸರಿಗೂ ಕೋಶದ ಮೊದಲ ಸಾಲಿನ ಕಂಸದೊಳಗೆ ಇನ್ನೊಬ್ಬರು ತೂರಿಸುವ ಹೆಸರಿಗೂ ಅಂತರ ಬಹಳ.

ನಮ್ಮ ಗೆಳೆಯರ ಬಲವಾದ ಪ್ರಶ್ನೆ ಇದಾದ ಮೇಲೆ ಬಂತು. ಸ್ವಾಮಿಗಳ ಪೂರ್ವಾಶ್ರಮದ ಹೆಸರನ್ನು ಎಲ್ಲರೂ ಹಾಕುತ್ತಾರಲ್ಲ? ರಾಘವೇಂದ್ರ ಸ್ವಾಮಿಗಳು ವೆಂಕಟನಾಥ, ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಶಿವಣ್ಣ. ಯಾವ ಭಕ್ತರಿಗೂ ನೋವಾಗಿಲ್ಲ. ನಾನು ಎರಡು ದಿನ ಯೋಚಿಸಿದೆ. ಸಂನ್ಯಾಸಿ ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಂಡು ಹಳೆಯ ಹೆಸರನ್ನು ಬಿಡುತ್ತಾನೆ. ಬಿಟ್ಟದ್ದನ್ನು ಊರೆಲ್ಲ ಒಪ್ಪುತ್ತದೆ. ಮಠಕ್ಕೆ ಹೋಗಿ ‘ಏನೋ ಶಿವಣ್ಣ’ ಎಂದು ಕರೆಯುವವರು ಯಾರೂ ಇಲ್ಲ, ‘ನೀವು ನಿಜವಾಗಿ ಸ್ವಾಮಿಗಳಲ್ಲ’ ಎಂದು ಸಾಧಿಸಲು ಆ ಹೆಸರನ್ನು ಬಳಸುವವರೂ ಇಲ್ಲ. ಹಲ್ಲು ಬಿದ್ದ ಹೆಸರು ಅದು. ಟ್ರಾನ್ಸ್ ಮಹಿಳೆಯ ಹಳೆಯ ಹೆಸರಿಗೆ ಹಲ್ಲು ಇನ್ನೂ ಇದೆ. ಬಾಡಿಗೆ ಮನೆ ಕೇಳುವಾಗ, ಆಸ್ಪತ್ರೆಯ ಸಾಲಿನಲ್ಲಿ ಹೆಸರು ಕೂಗುವಾಗ, ಪೊಲೀಸರು ನಿಲ್ಲಿಸಿದಾಗ ಆಕೆಯನ್ನು ಅಲ್ಲಗಳೆಯಲು ಎತ್ತಿಕೊಳ್ಳುವುದು ಅದನ್ನೇ.

ಹೈದರಾಬಾದಿನಲ್ಲಿ ಕೂತು ಇದನ್ನು ಬರೆಯುವವನು ಇನ್ನೊಂದು ಪುಸ್ತಕವನ್ನು ಮರೆಯಬಾರದು. ನಿಜಾಮರ ಕಾಲದ 1329 ಫಸಲಿಯ, ಎಂದರೆ 1919ರ ಕಾನೂನೊಂದು ಹಿಜ್ರಾ ಸಮುದಾಯದವರ ಹೆಸರು, ವಿಳಾಸಗಳನ್ನು ದಾಖಲಿಸುವ ರಿಜಿಸ್ಟರ್ ಇಡಬೇಕೆಂದು ವಿಧಿಸಿತ್ತು, ಅವರನ್ನು ಅಪರಾಧಿಗಳೆಂದು ಶಂಕಿಸಿ. ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಂಡರೆ ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ತೆಲಂಗಾಣ ಹೈಕೋರ್ಟ್ ಅದನ್ನು ಸಂವಿಧಾನಬಾಹಿರವೆಂದು ಹೊಡೆದುಹಾಕಿದ್ದು 2023ರಲ್ಲಿ. ಕರ್ನಾಟಕದ ಪೊಲೀಸ್ ಕಾಯ್ದೆಗೂ 2011ರಲ್ಲಿ ಇಂಥದೇ ಕಲಮೊಂದು ಸೇರಿತ್ತು. ಹೆಸರುಗಳ ಪಟ್ಟಿ ತಾನಾಗಿಯೇ ನಿರಪಾಯ ಎಂದು ನಂಬುವುದು ಇದನ್ನೆಲ್ಲ ತಿಳಿದ ಮೇಲೆ ಕಷ್ಟ.

ಹಾಗೆಂದು ಹಳೆಯ ಹೆಸರುಗಳನ್ನೆಲ್ಲ ಅಳಿಸಿ ಎಂದು ನಾನು ಹೇಳುತ್ತಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ ತಾವು ಬರೆದದ್ದನ್ನು ಹಳಗಾಲದ ಕಾವ್ಯವೆಂದು ಹೇಳಿ ಮೈಸೂರಿಗೆ ಕಳಿಸಿದರು, 1901ರಲ್ಲಿ ಎಳೆಯ ವಯಸ್ಸಿಗೇ ತೀರಿಕೊಂಡರು. ಮುದ್ದಣನೆಂದರೆ ಆ ಬಡ ಡ್ರಿಲ್ ಮೇಷ್ಟ್ರೇ ಎಂದು ಎರಡು ಹೆಸರುಗಳನ್ನು ಹೊಲಿದು ಕೊಟ್ಟವರಿಂದಲೇ ಆ ಬಾಳು ನಮಗೆ ಉಳಿದದ್ದು. ಬ್ರಿಟನ್ನಿನ ಟ್ರಾನ್ಸ್ ಲೇಖಕಿ ಜಾನ್ ಮಾರಿಸ್ 1953ರ ಎವರೆಸ್ಟ್ ಆರೋಹಣದ ಸುದ್ದಿಯನ್ನು ಜಗತ್ತಿಗೆ ಮುಟ್ಟಿಸಿದ್ದು ಜೇಮ್ಸ್ ಎಂಬ ಹೆಸರಿನಲ್ಲಿ, ಆ ಕಾಲದ ಪುಸ್ತಕಗಳ ಬೆನ್ನಿನ ಮೇಲಿರುವುದೂ ಅದೇ. ಓದುಗನಿಗೆ ಅಲ್ಲಿ ಎರಡೂ ಬೇಕು, ಅವರೂ ಅದನ್ನು ಮುಚ್ಚಿಡಲಿಲ್ಲ. ಇಂಗ್ಲಿಷ್ ವಿಕಿಪೀಡಿಯಾದ ನಿಯಮವೂ ಇದೇ ಜಾಡಿನದು: ಬದುಕಿರುವ ಟ್ರಾನ್ಸ್ ವ್ಯಕ್ತಿ ಹಳೆಯ ಹೆಸರಿನಲ್ಲೇ ಪ್ರಸಿದ್ಧರಾಗಿದ್ದರೆ ಮಾತ್ರ ಅದನ್ನು ಹಾಕಬೇಕು. ಜನ ಓಡಾಡಿದ ಬಾಗಿಲನ್ನು ಮುಚ್ಚುವ ಹಾಗಿಲ್ಲ, ಯಾರೂ ಕಾಲಿಡದ ಹಿತ್ತಿಲ ಬಾಗಿಲನ್ನು ಒಡೆದು ತೆರೆಯುವ ಹಾಗೂ ಇಲ್ಲ.

2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಟ್ರಾನ್ಸ್ ವ್ಯಕ್ತಿಗಳ ಜನನ ಪ್ರಮಾಣಪತ್ರದ ಬಗ್ಗೆ ಒಂದು ನಿರ್ದೇಶನ ಕೊಟ್ಟಿತು. 1969ರ ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಆಗುವ ತನಕ, ಹಿಂದಿನ ಹೆಸರು, ಲಿಂಗಗಳ ಜೊತೆಗೆ ಬದಲಾದದ್ದನ್ನೂ ಸೇರಿಸಿ ಪ್ರಮಾಣಪತ್ರ ಕೊಡಬೇಕೆಂದು. ಕೊಡುವುದೇ ಇಲ್ಲ ಎನ್ನುವುದಕ್ಕಿಂತ ಇದು ದೊಡ್ಡ ಹೆಜ್ಜೆ. ಆದರೂ ಕಚೇರಿಯ ಕಪಾಟಿನಲ್ಲಿರುವ ರಿಜಿಸ್ಟರ್ ಬೇರೆ, ಕೈಯಲ್ಲಿ ಹಿಡಿದು ಬಾಗಿಲು ಬಾಗಿಲಿಗೆ ತೋರಿಸಬೇಕಾದ ಕಾಗದ ಬೇರೆ. ಎರಡು ಹೆಸರೂ ಕೂಡಿ ಇರಬೇಕಾದ ಜಾಗ ಮೊದಲನೆಯದು. ನಮ್ಮ ಕೋಶ ಎರಡನೆಯದಕ್ಕೇ ಹತ್ತಿರ, ಯಾರ ಕೈಗೆ ಬೇಕಾದರೂ ಸಿಗುವಂಥದು.

ಕೊನೆಗೆ ನಾವು ನಮೂನೆಯನ್ನೇ ತಿದ್ದಿದೆವು. ‘ಹಿಂದಿನ ಹೆಸರು’ ಎಂಬುದನ್ನು ತೆಗೆದು ‘ಬೇರೆ ಯಾವ ಹೆಸರಿನಿಂದ ಜನ ನಿಮ್ಮನ್ನು ಹುಡುಕುತ್ತಾರೆ?’ ಎಂದು ಬರೆದು ಮತ್ತೆ ಕಳಿಸಿದೆವು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಅಕ್ಕಿಯ ತಟ್ಟೆಗಿಂತ ಹಿಂದಿನ ತವರಿನ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು ಕಳಿಸಿದರು. ರಾಯಚೂರಿನ ಆಕೆಯ ಹಾಳೆಯಲ್ಲೂ ಈ ಸಲ ಗೀಟು ಇರಲಿಲ್ಲ. “ಎರ್ರಗಡ್ಡ ರೈತು ಬಜಾರಿನ್ಯಾಗ ಟೇಲರಕ್ಕ ಅಂತ ಕೇಳ್ರಿ, ಯಾರರ ತೋರಸ್ತಾರ” ಎಂದು ಬರೆದಿದ್ದರು.