ಬಾಣ ತಾಗಿದ ಮೇಲಿನ ಮಾತು

ತಾಳಮದ್ದಳೆಯಲ್ಲಿ ಕತೆಯ ಕೊನೆ ಸಭೆಗೆ ಮೊದಲೇ ಗೊತ್ತು. ‘ವಾಲಿವಧೆ’ ಎಂದರೆ ಪ್ರಸಂಗದ ಹೆಸರಿನಲ್ಲೇ ಸಾವಿದೆ. ಆದರೂ ಕುಂಬಳೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕಡೆ ಈ ಪ್ರಸಂಗದ ಕೂಟವಾದರೆ, ವಾಲಿ ಕೇಳಿದ್ದು ನ್ಯಾಯವೇ, ರಾಮ ಕೊಟ್ಟ ಉತ್ತರ ಸಾಲುತ್ತದೆಯೇ ಎಂಬ ಚರ್ಚೆ ಮಂಗಳ ಹಾಡಿದ ಮೇಲೂ ನಿಲ್ಲುವುದಿಲ್ಲ. ಘಟನೆ ನಿಶ್ಚಯವಾಗಿರುವ ಕತೆಯಲ್ಲಿ ಅದರ ಧರ್ಮಾಧರ್ಮ ಮಾತ್ರ ಅನಿಶ್ಚಿತವಾಗಿ ಉಳಿಯಬಲ್ಲದೇ? ಕಾಸರಗೋಡಿನ ಕೂಟಗಳು ಮತ್ತೆ ಮತ್ತೆ ಎದುರಿಸುವ ತಾತ್ತ್ವಿಕ ಪ್ರಶ್ನೆ ಇದು.

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ತಿಂಗಳುಗಳಲ್ಲಿ ಕೂಟಗಳು ಹೆಚ್ಚು. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಅದಕ್ಕೆ ಅಲ್ಲೇ ಮಾತು ಕಟ್ಟುತ್ತಾರೆ. ಬಾಣ ತಾಗಿದ ವಾಲಿ ಕುರ್ಚಿಯಿಂದ ಕೆಳಗೆ ಬೀಳುವುದಿಲ್ಲ. ಹೆಗಲ ಶಾಲು ಜಾರದಂತೆ, ಬೆನ್ನು ನೇರವಾಗಿಯೇ ಕುಳಿತಿರುತ್ತಾನೆ. ಸ್ವರ ಮಾತ್ರ ಕುಗ್ಗುತ್ತದೆ, ಎರಡು ಮಾತಿನ ನಡುವೆ ಉಸಿರು ಎಳೆಯುತ್ತದೆ. ಮದ್ದಳೆ ಸುಮ್ಮನಾಗುತ್ತದೆ. ಕಣ್ಣಿಗೆ ಏನೂ ಕಾಣದ ಆ ಹೊತ್ತಿನಲ್ಲಿ ಸಭೆಯ ಮುಂದೆ ಉಳಿಯುವುದು ಒಂದು ಆರೋಪ ಮಾತ್ರ.

ರಾಮಾಯಣದ ಪ್ರಸಂಗಗಳನ್ನು ಪರಂಪರೆ ಕುಂಬಳೆಯ ಪಾರ್ತಿಸುಬ್ಬನವೆಂದು ಹೇಳುತ್ತದೆ. ವಾದದ ಮೂಲ ಮಾತ್ರ ವಾಲ್ಮೀಕಿಯ ಕಿಷ್ಕಿಂಧಾಕಾಂಡದ್ದು. ಬೇರೊಬ್ಬನೊಡನೆ ಕಾದುತ್ತಿದ್ದವನಿಗೆ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಕ್ಷತ್ರಿಯಧರ್ಮ? ನಿನ್ನ ರಾಜ್ಯದಲ್ಲಿ ನಾನೇನು ತಪ್ಪು ಮಾಡಿದ್ದೆ? ನನ್ನಲ್ಲಿಗೆ ಬಂದು ಕೇಳಿದ್ದರೆ ಸೀತೆಯನ್ನು ತಂದೊಪ್ಪಿಸುತ್ತಿರಲಿಲ್ಲವೇ? ವಾಲಿ ಕೇಳುವುದು ಇಷ್ಟು. ರಾಮನ ಉತ್ತರವೂ ಅಲ್ಲೇ ಇದೆ: ಭೂಮಿ ಭರತನ ಆಳ್ವಿಕೆಯದು, ತಾನು ಅವನ ಪರವಾಗಿ ದಂಡಿಸುವವನು, ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡದ್ದು ದಂಡನಾರ್ಹ, ಸುಗ್ರೀವನಿಗೆ ಮಾತು ಕೊಟ್ಟಾಗಿದೆ, ವಾಲಿ ಶಾಖಾಮೃಗ, ಮೃಗವನ್ನು ಮರೆಯಿಂದ ಹೊಡೆದರೆ ದೋಷವಿಲ್ಲ.

ಈ ಉತ್ತರಗಳಲ್ಲಿ ಎರಡು ಒಂದನ್ನೊಂದು ಹೊಡೆಯುತ್ತವೆ, ಬಲ್ಲ ಅರ್ಥಧಾರಿ ಹಿಡಿಯುವುದು ಅಲ್ಲಿಯೇ. ವಾಲಿ ಮೃಗವಾದರೆ ಅವನಿಗೆ ದಾಂಪತ್ಯದ ಕಟ್ಟುಪಾಡು ಎಲ್ಲಿಂದ ಬಂತು, ರುಮೆಯ ವಿಚಾರದಲ್ಲಿ ದಂಡನೆ ಹೇಗೆ? ಮನುಷ್ಯಧರ್ಮ ಅವನಿಗೂ ಅನ್ವಯಿಸುವುದಾದರೆ, ಬೇಟೆಯ ನಿಯಮ ಹೇಗೆ ಅನ್ವಯಿಸುತ್ತದೆ? ಶಿಕ್ಷೆ ಕೊಡುವಾಗ ಮನುಷ್ಯ, ಬಾಣ ಬಿಡುವಾಗ ಮೃಗ ಎಂದರೆ ಅದು ನ್ಯಾಯವಲ್ಲ. ರಾಮನ ಪಾತ್ರಧಾರಿ ಶಾಖಾಮೃಗದ ಮಾತಿಗೆ ಆತುಕೊಂಡಷ್ಟೂ ಅವನ ಪಕ್ಷ ದುರ್ಬಲವಾಗುತ್ತದೆ. ಅವತಾರಪುರುಷನ ಲೀಲೆ ಎಂದು ಜಾರಿಕೊಂಡರೂ ಅಷ್ಟೆ. ಅದು ಭಕ್ತನನ್ನು ಒಪ್ಪಿಸೀತು, ಬಾಣ ತಿಂದವನನ್ನಲ್ಲ.

ರಾಮನಿಗೆ ಗಟ್ಟಿಯಾದ ನೆಲ ಬೇರೆಯೇ ಇದೆ. ಮಾಯಾವಿ ಎಂಬ ಅಸುರನ ಬೆನ್ನುಹತ್ತಿ ಗುಹೆಗೆ ಹೋದ ವಾಲಿ ಮರಳಿ ಬಂದಾಗ ಸುಗ್ರೀವ ಸಿಂಹಾಸನದಲ್ಲಿದ್ದ. ಅಣ್ಣ ಸತ್ತನೆಂದು ತಿಳಿದೆ ಎಂದು ತಮ್ಮ ಕೈಮುಗಿದು ಹೇಳಿದ್ದನ್ನು ವಾಲಿ ನಂಬಲಿಲ್ಲ. ಉಟ್ಟ ಬಟ್ಟೆಯಲ್ಲೇ ಓಡಿಸಿದ. ತನ್ನನ್ನು ವಿಚಾರಿಸದೆ ಕೊಂದೆಯಲ್ಲ ಎಂದು ಇಂದು ಕೇಳುವವನು ಅಂದು ತಮ್ಮನನ್ನು ಸರಿಯಾಗಿ ವಿಚಾರಿಸಿದ್ದನೇ? ಈ ಪ್ರಶ್ನೆಯಿಂದ ಮರೆಯ ಬಾಣ ಸರಿಯಾಗುವುದಿಲ್ಲ, ನಿಜ. ಆದರೆ ವಾಲಿಯ ನಾಲಗೆ ತಡೆಯುವುದು ಇಲ್ಲಿ ಮಾತ್ರ.

ನ್ಯಾಯಶಾಸ್ತ್ರ ಮಾತುಗಾರಿಕೆಯನ್ನು ಮೂರಾಗಿ ವಿಂಗಡಿಸುತ್ತದೆ. ಸತ್ಯಕ್ಕಾಗಿ ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ತನ್ನ ಪಕ್ಷವನ್ನೇ ಸ್ಥಾಪಿಸದೆ ಎದುರಿನವನನ್ನು ಕೆಡಹುವುದು ವಿತಂಡ. ಕೂಟ ಜಲ್ಪಕ್ಕೆ ಇಳಿದದ್ದುಂಟು, ಚಪ್ಪಾಳೆ ಆಗಲೇ ಹೆಚ್ಚು ಬೀಳುವುದೂ ಉಂಟು. ಆದರೆ ಕತೆಯ ಅಂತ್ಯ ಗೊತ್ತಿರುವುದು ಇಲ್ಲಿ ವಾದಕ್ಕೆ ಅನುಕೂಲವೇ ಆಗಿದೆ. ವಾಲಿ ಉಳಿಯುತ್ತಾನೋ ಎಂಬ ಕುತೂಹಲ ಯಾರಿಗೂ ಇಲ್ಲದ್ದರಿಂದ, ಅವನ ಸಾವು ಸರಿಯೇ ಎಂಬುದೊಂದೇ ಕೇಳುವವರ ಮುಂದಿರುತ್ತದೆ. 1966ರಲ್ಲಿ ಅಮೆರಿಕದಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ನಂಥ ವೈಜ್ಞಾನಿಕ ಕಲ್ಪನೆಯ ಟಿವಿ ಧಾರಾವಾಹಿಗಳ ಅಭಿಮಾನಿಗಳೂ ಹೊಸ ಕಂತು ಹಳೆಯದಕ್ಕೆ ಒಪ್ಪುತ್ತದೆಯೇ, ಪಾತ್ರ ತನ್ನ ಸ್ವಭಾವ ಮೀರಿತೇ ಎಂದು ವಾದಿಸುತ್ತಾರೆ. ಅವರಿಗೆ ಕಂತು ಹೊಸದು, ಇಲ್ಲಿ ಹೊಸದು ಅರ್ಥ ಮಾತ್ರ.

ಅರ್ಥಕ್ಕೂ ಮಿತಿ ಇದೆ. ತ್ರೇತಾಯುಗದ ವಾಲಿ ಕುರುಕ್ಷೇತ್ರದ ಉದಾಹರಣೆ ಕೊಟ್ಟರೆ ರಸಿಕರು ಔಚಿತ್ಯ ಕೆಟ್ಟಿತು ಎನ್ನುತ್ತಾರೆ. ಪದ್ಯ ಹೇಳಿದ್ದಕ್ಕೆ ವಿರುದ್ಧ ಹೋಗುವಂತಿಲ್ಲ. ಎಷ್ಟು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬ ಪ್ರಶ್ನೆ ಕಾಸರಗೋಡಿನ ಎಡನೀರು ಮಠದಿಂದ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಮಠಾಧೀಶರಾಗಿದ್ದ ಕೇಶವಾನಂದ ಭಾರತಿಯವರು ಹೂಡಿದ ಮೊಕದ್ದಮೆಯಲ್ಲಿ 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7-6ರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲಸ್ವರೂಪವನ್ನು ಕೆಡಿಸಕೂಡದು ಎಂದಿತು. ಆ ಸ್ವಾಮೀಜಿ ಯಕ್ಷಗಾನದ ಆಶ್ರಯದಾತರೂ ಸ್ವತಃ ಭಾಗವತಿಕೆ ಮಾಡಿದವರೂ ಆಗಿದ್ದರೆಂಬುದು ಗಡಿನಾಡಿನವರಿಗೆ ಸಂತೋಷದ ಸಂಗತಿ.

ವಾಲಿವಧೆಯ ಮೂಲಸ್ವರೂಪವೆಂದರೆ ವಾಲಿ ಕೊನೆಗೆ ರಾಮನನ್ನು ಒಪ್ಪುವುದು. ಪಾತ್ರದ ಅತಿ ಕಷ್ಟದ ಜಾಗ ಇದೇ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ವಾಲಿಯ ಪಕ್ಷವನ್ನು ಅಷ್ಟು ಎತ್ತರಕ್ಕೆ ಒಯ್ದ ಮೇಲೆ, ಅಲ್ಲಿಂದ ಇಳಿದು ಶರಣಾಗುವುದು ಸೋಲಿನಂತೆ ಕೇಳಬಾರದು. ತರ್ಕದಲ್ಲಿ ಸೋತು ಒಪ್ಪುವ ವಾಲಿ ಸಣ್ಣವನಾಗುತ್ತಾನೆ. ತರ್ಕ ಬಿಟ್ಟು ಥಟ್ಟನೆ ಭಕ್ತನಾಗುವವನು ನಂಬಿಕೆಗೆ ಒದಗುವುದಿಲ್ಲ. ತನ್ನ ತಪ್ಪನ್ನು ತಾನೇ ಕಂಡು, ಆದರೂ ಕೇಳಿದ ಪ್ರಶ್ನೆಯನ್ನು ಹಿಂತೆಗೆದುಕೊಳ್ಳದೆ ಒಪ್ಪುವವನೇ ಸರಿಯಾದ ವಾಲಿ.

ಸಾಯುವ ಮುನ್ನ ಅವನು ಮಗ ಅಂಗದನನ್ನು ರಾಮನಿಗೆ ಒಪ್ಪಿಸುತ್ತಾನೆ. ‘ಅಂಗದ ಸಂಧಾನ’ದಲ್ಲಿ ಆ ಮಗ ರಾಮನ ದೂತನಾಗಿ ಲಂಕೆಗೆ ಹೋದಾಗ, ತಂದೆಯನ್ನು ಕೊಂದವನ ಸೇವೆಗೆ ನಿಂತೆಯಾ ಎಂದು ರಾವಣನ ಅರ್ಥಧಾರಿ ಅದೇ ಬಾಣದ ಮಾತನ್ನು ಮತ್ತೆ ಎತ್ತುತ್ತಾನೆ.