ಸಾಯದೇ ಉಳಿಯೋಕೆ ಹತ್ತು ಡಾಲರ್

ಫಾಲ್‌ಔಟ್ 3 ಆಡಿದವರಿಗೆ ಫಾಕ್ಸ್ ಮರೆಯೋದಿಲ್ಲ. ಬಾಗಿಲಿಗಿಂತ ದೊಡ್ಡ ಮೈಯ ಸೂಪರ್ ಮ್ಯುಟೆಂಟ್, ಮಾತು ಮಾತ್ರ ಲೈಬ್ರರಿಯಲ್ಲಿ ಬೆಳೆದವನ ಹಾಗೆ. ವಾಲ್ಟ್ 87ರ ಸೆರೆಯಿಂದ ನಾವು ಅವನನ್ನು ಬಿಡಿಸ್ತೀವಿ. ಅದಕ್ಕೆ ಪ್ರತಿಯಾಗಿ ಅವನು ವಿಕಿರಣ ತುಂಬಿದ ಕೋಣೆಯೊಳಗೆ ಆರಾಮಾಗಿ ನಡೆದುಹೋಗಿ, ನಮಗೆ ಬೇಕಾದ ಯಂತ್ರವನ್ನು ಎತ್ತಿಕೊಂಡು ಬರ್ತಾನೆ. ವಿಕಿರಣ ಅವನ ಮೈಗೆ ಏನೂ ಮಾಡಲ್ಲ. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ಆಟದ ಕೊನೆಗೆ ಬನ್ನಿ. ಅಣುಯುದ್ಧ ಮುಗಿದು ಇನ್ನೂರು ವರ್ಷ ಆಗಿದೆ, ಕುಡಿಯೋ ನೀರೆಲ್ಲ ವಿಷ. ವಾಷಿಂಗ್ಟನ್ನಿನ ಜೆಫರ್ಸನ್ ಸ್ಮಾರಕದೊಳಗೆ ನೀರು ಶುದ್ಧಿ ಮಾಡೋ ದೊಡ್ಡದೊಂದು ಯಂತ್ರ ಇದೆ. ನಮ್ಮಪ್ಪ, ಅಂದ್ರೆ ಆಟದೊಳಗಿನ ಅಪ್ಪ, ಅದೇ ಕೋಣೆಯಲ್ಲಿ ಸತ್ತಿದ್ದಾನೆ. ಈಗ ಯಾರಾದ್ರೂ ಒಬ್ಬರು ಒಳಗೆ ಹೋಗಿ ಮೂರು ಅಂಕಿಯ ಕೋಡ್ ಒತ್ತಬೇಕು. ಒಳಗೆ ಹೋದವರು ವಿಕಿರಣಕ್ಕೆ ಸಾಯ್ತಾರೆ. ನನ್ನ ಪಕ್ಕದಲ್ಲೇ ಫಾಕ್ಸ್ ನಿಂತಿದ್ದ. "ನೀನು ಹೋಗಪ್ಪ, ನಿನಗೇನೂ ಆಗಲ್ವಲ್ಲ" ಅಂತ ಕೇಳಿದೆ. ಇದು ನಿನ್ನ ವಿಧಿ, ಅದನ್ನು ನಿನ್ನಿಂದ ಕಿತ್ತುಕೊಳ್ಳೋದು ನನಗೆ ಸರಿಯಲ್ಲ, ಅನ್ನೋ ಅರ್ಥದ ಮಾತಾಡಿ ಸುಮ್ಮನಾದ.

ಹಾಸ್ಟೆಲ್ಲಿನಲ್ಲಿ ರಾತ್ರಿ ಎರಡು ಗಂಟೆ. ನಾನು ಒಳಗೆ ಹೋದೆ, 216 ಒತ್ತಿದೆ, ಸತ್ತೆ. ಕಣ್ಣಲ್ಲಿ ನೀರು ಬಂದಿದ್ದೂ ನಿಜ. ಆದ್ರೆ ಬೆಳಿಗ್ಗೆ ಮೆಸ್ಸಿನಲ್ಲಿ ಇಡ್ಲಿ ತಿನ್ನುವಾಗ ಬಂದಿದ್ದು ಬರೀ ಸಿಟ್ಟು. ಪಕ್ಕದಲ್ಲಿದ್ದವನು ಒಂದು ಗೀರೂ ಇಲ್ಲದೆ ಮಾಡಬಹುದಾದ ಕೆಲಸಕ್ಕೆ ನಾನ್ಯಾಕೆ ಸಾಯಬೇಕಿತ್ತು?

ಈ ಆಟ ಬಂದದ್ದು 2008ರ ಅಕ್ಟೋಬರಿನಲ್ಲಿ. ಇಲ್ಲಿನ ಸಾಂಸ್ಕೃತಿಕ ಸೂಕ್ಷ್ಮತೆಗಳ ಕಾರಣ ಕೊಟ್ಟು ಮೈಕ್ರೋಸಾಫ್ಟ್ ಇದನ್ನು ಭಾರತದಲ್ಲಿ ಬಿಡುಗಡೆ ಮಾಡಲಿಲ್ಲ. ಕಾರಣ ಏನು ಅಂತ ಬಿಡಿಸಿ ಹೇಳಲಿಲ್ಲ. ಆಟದಲ್ಲಿ ಎರಡು ತಲೆಯ ಹಸುವಿದೆ, ಅದರ ಹೆಸರು ಬ್ರಾಹ್ಮಿನ್, ಅದಕ್ಕೇ ಇರಬೇಕು ಅಂತ ಎಲ್ಲರೂ ಊಹೆ ಮಾಡಿಕೊಂಡರು. ಹಾಗಾಗಿ ನಮಗೆ ಅದು ಸಿಕ್ಕಿದ್ದು ಹಾರ್ಡ್‌ಡಿಸ್ಕಿನಿಂದ ಹಾರ್ಡ್‌ಡಿಸ್ಕಿಗೆ ಹಾರಿ ಬಂದು. (ಸಂಬಳ ಬರೋಕೆ ಶುರುವಾದ ಮೇಲೆ ಸ್ಟೀಮ್ ಸೇಲಿನಲ್ಲಿ ಎಲ್ಲ ಡಿಎಲ್‌ಸಿ ಸಮೇತ ಕೊಂಡು ಪ್ರಾಯಶ್ಚಿತ್ತ ಮಾಡಿಕೊಂಡಿದ್ದೀನಿ.)

ಆ ಕೊನೆಯ ದೃಶ್ಯದ ಬಗ್ಗೆ ಸಿಟ್ಟು ಬಂದದ್ದು ನನಗೊಬ್ಬನಿಗೇ ಅಲ್ಲ. 2009ರ ಮೇ ತಿಂಗಳಲ್ಲಿ ಬೆಥೆಸ್ಡಾ ಕಂಪನಿ ಬ್ರೋಕನ್ ಸ್ಟೀಲ್ ಅನ್ನೋ ಡಿಎಲ್‌ಸಿ ತಂತು, ಬೆಲೆ ಹತ್ತು ಡಾಲರ್. ಅದನ್ನು ಹಾಕಿಕೊಂಡರೆ ಫಾಕ್ಸ್ ಒಪ್ಪಿಕೊಳ್ತಾನೆ, ಒಳಗೆ ಹೋಗಿ ಕೋಡ್ ಒತ್ತುತ್ತಾನೆ. ನೀವೇ ಒಳಗೆ ಹೋದ್ರೂ ಸಾಯಲ್ಲ, ಎರಡು ವಾರ ಪ್ರಜ್ಞೆ ತಪ್ಪಿ ಬಿದ್ದು ಏಳ್ತೀರಿ. ಲೆವೆಲ್ಲಿನ ಮಿತಿ ಇಪ್ಪತ್ತಿದ್ದದ್ದು ಮೂವತ್ತಾಗುತ್ತೆ. ಕಥೆ ಮುಂದುವರಿಯುತ್ತೆ.

ನನ್ನ ರೂಮ್‌ಮೇಟ್ ಇದನ್ನು ಕೇಳಿ ಉರಿದುಬಿದ್ದ. "ಮಗಾ, ಸತ್ತಿದ್ದಕ್ಕೇ ಕಣೋ ಅದಕ್ಕೆ ಬೆಲೆ. ದುಡ್ಡು ಕೊಟ್ಟು ಪ್ರಾಣ ವಾಪಸ್ ತಗೊಂಡ್ರೆ ಅದು ತ್ಯಾಗ ಹೆಂಗಾಗುತ್ತೆ?" ಇದು ಸುಲಭವಾಗಿ ತಳ್ಳಿಹಾಕೋ ಮಾತಲ್ಲ. ವಾಪಸ್ ಸಿಗುತ್ತೆ ಅಂತ ಗೊತ್ತಿದ್ದು ಕೊಟ್ಟಿದ್ದು ದಾನ ಅಲ್ಲ, ಡಿಪಾಸಿಟ್. ಆದ್ರೂ ನನಗೆ ಅವತ್ತೇ ಅನ್ನಿಸಿದ್ದು ಏನಂದ್ರೆ, ಬ್ರೋಕನ್ ಸ್ಟೀಲ್ ತ್ಯಾಗವನ್ನು ಅಗ್ಗ ಮಾಡಲಿಲ್ಲ, ಒಂದು ಬಗ್ ಫಿಕ್ಸ್ ಮಾಡಿತು, ಅಷ್ಟೇ. ಮೊದಲಿನ ಕೊನೆಯಲ್ಲಿ ನಾವು ಸತ್ತದ್ದು ನೀರಿಗಾಗಿ ಅಲ್ಲ. ಕಥೆಗೆ ಒಂದು ಹೆಣ ಬೇಕಿತ್ತು, ಅದಕ್ಕೆ. ಅವಶ್ಯಕತೆ ಇಲ್ಲದ ಸಾವನ್ನು ತ್ಯಾಗ ಅನ್ನೋದಾದ್ರೆ ಹೆಲ್ಮೆಟ್ ಇಲ್ಲದೆ ಸತ್ತವರೆಲ್ಲ ಹುತಾತ್ಮರೇ.

ನಾನು ಅಷ್ಟು ಜೋರಾಗಿ ವಾದ ಮಾಡಿದ್ದಕ್ಕೆ ಆಟದಾಚೆಗಿನ ಕಾರಣವೂ ಒಂದಿತ್ತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಬೇಸಿಗೆ ದೊಡ್ಡಪ್ಪನ ಬೋರ್‌ವೆಲ್ ಮೋಟಾರು ಸುಟ್ಟುಹೋಯ್ತು. ಒಂದೂವರೆ ಎಕರೆ ಟೊಮೇಟೊ ಹೂವು ಬಿಟ್ಟು ನಿಂತಿತ್ತು. ಹೊಲದ ಮೂಲೆಯಲ್ಲಿ ಎರಡು ವರ್ಷದಿಂದ ಮುಟ್ಟದೇ ಬಿಟ್ಟಿದ್ದ ಹಳೇ ಬಾವಿ ಇತ್ತು, ತಳದಲ್ಲಿ ಒಂದಷ್ಟು ನೀರಿತ್ತು. ಯಾರಾದ್ರೂ ಇಳಿದು ಫುಟ್‌ವಾಲ್ವ್ ಸರಿ ಮಾಡಿದ್ರೆ ಹಳೇ ಪಂಪಿನಲ್ಲೇ ನೀರೆತ್ತಬಹುದು. ಮನೆಯಲ್ಲಿ ಬಾವಿ ಕೆಲಸ ಗೊತ್ತಿದ್ದವನು ಚಿಕ್ಕಪ್ಪ. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳೋ ಮೊದಲು ಇನ್ನೊಂದು ಹಗ್ಗಕ್ಕೆ ಲಾಟೀನು ಕಟ್ಟಿ ಬಾವಿಗೆ ಇಳಿಬಿಟ್ಟ. ಅರ್ಧ ಇಳಿದಿತ್ತು, ಆರಿಹೋಯ್ತು. ಎಳೆದುಕೊಂಡ. "ಇವತ್ತು ಬ್ಯಾಡ" ಅಂದ.

"ಗಾಳಿಗೆ ಆರಿರಬೇಕು, ಇನ್ನೊಂದು ಸಲ ಬಿಡೋ" ಅಂದರು ದೊಡ್ಡಪ್ಪ. ಚಿಕ್ಕಪ್ಪ ಬಿಡಲಿಲ್ಲ. ಬೇವಿನ ಕೊಂಬೆ ಕಡಿದು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಮೇಲೆ ಕೆಳಗೆ ಆಡಿಸ್ತಾ ಕೂತ. ಮಾರನೇ ದಿನವೂ ಅದೇ. ಕೊಳೆತ ಎಲೆಯ ವಾಸನೆ ಮೇಲಿನವರೆಗೂ ಬರ್ತಿತ್ತು. ಮೂರನೇ ದಿನ ಲಾಟೀನು ಆರಲಿಲ್ಲ, ಇಳಿದ, ಹದಿನೈದು ನಿಮಿಷದಲ್ಲಿ ಕೆಲಸ ಮುಗಿಸಿ ಬಂದ. ಅಷ್ಟರಲ್ಲಿ ಅರ್ಧ ಟೊಮೇಟೊ ಬಾಡಿಹೋಗಿತ್ತು. "ಗಂಡಸಾಗಿ ಹುಟ್ಟಿ ಬಾವಿಗಿಳಿಯಾಕೆ ಮೂರು ದಿನ ಬೇಕಾಯ್ತೇನ್ಲಾ ನಿಂಗೆ" ಅಂತ ದೊಡ್ಡಪ್ಪ ಜಗಲಿ ಮೇಲೆ ನಿಂತು ಕೇಳಿದ್ದು ನನಗಿನ್ನೂ ಕಿವಿಯಲ್ಲಿದೆ. ಮೂರನೇ ದಿನ ಇಳಿದಾಗ ಏನೂ ಆಗಲಿಲ್ವಲ್ಲ, ಮೊದಲನೇ ದಿನವೂ ಆಗ್ತಿರಲಿಲ್ಲ, ಅನ್ನೋದು ಅವರ ಲೆಕ್ಕ. ಊರಲ್ಲಿ ಚಿಕ್ಕಪ್ಪನಿಗೆ 'ಲಾಟೀನು' ಅನ್ನೋ ಅಡ್ಡಹೆಸರು ಬಿತ್ತು.

ಬ್ರೋಕನ್ ಸ್ಟೀಲ್ ಹಾಕಿಕೊಂಡು ಫಾಕ್ಸ್‌ನನ್ನೇ ಒಳಗೆ ಕಳಿಸಿದಾಗ ನನಗೆ ಈ ಅಡ್ಡಹೆಸರು ನೆನಪಾಗಿದ್ದು ಯಾಕೆ ಗೊತ್ತಾ? ಕೊನೆಯಲ್ಲಿ ನಿರೂಪಕನ ದನಿ ಬರುತ್ತೆ ನೋಡಿ, ರಾನ್ ಪರ್ಲ್‌ಮನ್ನನದ್ದು, ಅದನ್ನು ಅವರು ಬದಲಾಯಿಸಿಯೇ ಇಲ್ಲ. ಅಪ್ಪ ತೋರಿಸಿದ ದಾರಿ ಹಿಡಿಯದೆ ನಿಜವಾದ ವೀರನನ್ನು ಮುಂದೆ ಬಿಟ್ಟವನು ಅಂತಲೇ ನಮ್ಮನ್ನು ಹಂಗಿಸ್ತಾನೆ. ವಿಕಿರಣ ತಾಗದವನನ್ನು ಕಳಿಸಿದ್ದೀನಿ, ಯಾರೂ ಸತ್ತಿಲ್ಲ, ನೀರು ಬಂದಿದೆ. ಆದರೂ ಹೇಡಿ. ಹೊಸದಾಗಿ ರೆಕಾರ್ಡ್ ಮಾಡೋ ತೊಂದರೆ ಬೇಡ ಅಂತ ಬಿಟ್ಟಿರ್ತಾರೆ, ಸಾಫ್ಟ್‌ವೇರಿನವನಾಗಿ ನನಗದು ಅರ್ಥವಾಗುತ್ತೆ, ಹಳೇ ಎರರ್ ಮೆಸೇಜು ಹಾಗೇ ಉಳಿಯೋದು ನಮ್ಮಲ್ಲೂ ಮಾಮೂಲು. ಆದರೆ ಅದು ನಮ್ಮೂರ ಜಗಲಿಯ ದನಿಯೇ ಆಗಿತ್ತು.

ಬ್ರೋಕನ್ ಸ್ಟೀಲಿನಲ್ಲಿ ಯುದ್ಧ, ಬಂದೂಕು, ಆಕಾಶದಿಂದ ಬೀಳೋ ಬಾಂಬು ಎಲ್ಲ ಇದೆ, ಅದು ಇದ್ದೇ ಇರುತ್ತೆ. ನನಗೆ ಇಷ್ಟವಾಗಿದ್ದು ಅದರ ಬದಿಯಲ್ಲಿ ನಡೆಯೋ ಸಣ್ಣ ಸಣ್ಣ ಕೆಲಸಗಳು. ನೀರು ಶುದ್ಧವಾಯ್ತು, ಸರಿ. ಆಮೇಲೆ? ಅದನ್ನು ಬಾಟಲಿಗೆ ತುಂಬಿ, 'ಆಕ್ವಾ ಪ್ಯೂರಾ' ಅಂತ ಹೆಸರಿಟ್ಟು ಹಂಚಬೇಕು. ರಿವೆಟ್ ಸಿಟಿಯಿಂದ ಹೊರಟ ನೀರಿನ ಗಾಡಿಗಳಿಗೆ ಕಾವಲು ಬೇಕು, ದಾರಿಯಲ್ಲಿ ಲೂಟಿ ಆಗುತ್ತೆ. ಅಂಡರ್‌ವರ್ಲ್ಡ್ ಅನ್ನೋ ಊರಲ್ಲಿ ಗ್ರಿಫನ್ ಅಂತ ಒಬ್ಬ ಕೊಳಕು ನೀರನ್ನೇ ಬಾಟಲಿಗೆ ತುಂಬಿ 'ಆಕ್ವಾ ಕ್ಯೂರಾ' ಅಂತ ಮಾರ್ತಾನೆ. ಇನ್ನೊಂದು ಕಡೆ ಒಂದು ಪಂಥ ವಿಕಿರಣದ ನೀರೇ ಪವಿತ್ರ ಅಂತ ಕುಡಿಸ್ತಾ ಇರುತ್ತೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ.

ಅಪ್ಪ ಸತ್ತ, ಮಗ ಸತ್ತ, ನೀರು ಹರಿಯಿತು, ಶುಭಂ ಅನ್ನೋ ಮೊದಲಿನ ಕೊನೆಗಿಂತ ಇದು ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತೆ. ಸತ್ತವನಿಗೆ ಗಾಡಿಯ ಲೆಕ್ಕ ಕೊಡೋ ಕಷ್ಟ ಇಲ್ಲ. ಬದುಕಿದವನು ಮಾರನೇ ದಿನ ಎದ್ದು ಯಾರಿಗೆ ಎಷ್ಟು ಬಾಟಲಿ ಅಂತ ಜಗಳ ಬಿಡಿಸಬೇಕು. ತ್ಯಾಗ ದೊಡ್ಡದಾ, ಸಪೋರ್ಟ್ ಡ್ಯೂಟಿ ದೊಡ್ಡದಾ ಅಂತ ನನ್ನನ್ನು ಕೇಳಿದ್ರೆ ಉತ್ತರಕ್ಕೆ ತುಂಬಾ ಹೊತ್ತು ಬೇಕಾಗಲ್ಲ.

ಹಾಗಂತ ಬ್ರೋಕನ್ ಸ್ಟೀಲೇ ಎಲ್ಲಕ್ಕಿಂತ ಒಳ್ಳೇ ಡಿಎಲ್‌ಸಿ ಅಂತ ನಾನು ಹೇಳ್ತಿಲ್ಲ. ಆಪರೇಷನ್ ಆಂಕರೇಜ್, ಮದರ್‌ಶಿಪ್ ಝೀಟಾ ಎರಡೂ ಬರೀ ಗುಂಡಿನ ಸದ್ದು, ಬಿಡಿ. ಪಾಯಿಂಟ್ ಲುಕ್‌ಔಟಿನ ಜೌಗುನೆಲ ನೋಡೋಕೆ ಚಂದ, ಅಷ್ಟೇ. ಇವತ್ತಿಗೂ ಬಿಡದೆ ಕಾಡೋದು ದಿ ಪಿಟ್.

ಪಿಟ್ಸ್‌ಬರ್ಗ್ ನಗರದ ಅವಶೇಷ. ಕಬ್ಬಿಣದ ಕುಲುಮೆಗಳು ಇನ್ನೂ ಉರೀತಿವೆ, ದುಡಿಯೋರು ಗುಲಾಮರು. ನಮ್ಮ ಆಯುಧ ಎಲ್ಲ ಕಿತ್ತುಕೊಂಡು ನಮ್ಮನ್ನೂ ಅವರಲ್ಲೊಬ್ಬರನ್ನಾಗಿ ಮಾಡ್ತಾರೆ. ಊರಿಗೆಲ್ಲ ಒಂದು ರೋಗ, ಮನುಷ್ಯರು ನಿಧಾನಕ್ಕೆ ಮೃಗಗಳಾಗ್ತಾರೆ. ವರ್ನರ್ ಅನ್ನೋನು ಹೇಳ್ತಾನೆ: ಯಜಮಾನ ಆಶರ್ ಹತ್ರ ಇದಕ್ಕೆ ಮದ್ದಿದೆ, ಕದ್ದು ತಾ, ಗುಲಾಮರನ್ನೆಲ್ಲ ಬಿಡಿಸೋಣ. ಸರಿ ಅಂತ ಹೋಗ್ತೀವಿ. ಮದ್ದು ಅಂದ್ರೆ ಸೀಸೆಯಲ್ಲಿರೋ ಔಷಧಿ ಅಲ್ಲ. ತೊಟ್ಟಿಲಲ್ಲಿ ಮಲಗಿರೋ ಮಗು. ಆಶರ್‌ನ ಮಗಳು, ಮರಿ. ಹುಟ್ಟಿನಿಂದಲೇ ಅವಳಿಗೆ ರೋಗ ತಾಗಲ್ಲ. ಅವಳ ತಾಯಿಯೇ ವಿಜ್ಞಾನಿ, ಮಗುವಿಗೆ ನೋವಾಗದ ಹಾಗೆ ಸಂಶೋಧನೆ ಮಾಡ್ತಿದ್ದಾಳೆ, ಅದಕ್ಕೆ ವರ್ಷಗಟ್ಟಲೆ ಬೇಕು. ಅಲ್ಲಿವರೆಗೆ ಕುಲುಮೆ ಉರೀಬೇಕು, ಗುಲಾಮರು ದುಡೀಬೇಕು. ಒಂದಲ್ಲ ಒಂದು ದಿನ ಎಲ್ಲರಿಗೂ ಬಿಡುಗಡೆ ಅನ್ನೋದು ಆಶರ್‌ನ ಮಾತು. ವರ್ನರ್ ಏನು ಸಾಚಾನಾ? ಅವನೂ ಹಿಂದೆ ಆಶರ್‌ನ ಬಲಗೈಯೇ, ಕುರ್ಚಿಗೆ ಕೈಹಾಕಿ ಸೋತವನು.

ನಾನು ತೊಟ್ಟಿಲ ಮುಂದೆ ನಿಂತು ಏನು ಮಾಡಿದೆ? ಕ್ವಿಕ್ ಸೇವ್ ಒತ್ತಿದೆ. ಮಗುವನ್ನು ಕದ್ದೆ. ಗುಲಾಮರು ಬಿಡುಗಡೆಯಾದರು, ಮಗುವನ್ನು ಸಾಕಲು ಬರದವರ ಕೈಗೆ ಮಗು ಹೋಯ್ತು. ರೀಲೋಡ್ ಮಾಡಿದೆ. ಈ ಸಲ ಮಗುವನ್ನು ಅಲ್ಲೇ ಬಿಟ್ಟೆ, ವರ್ನರ್‌ನನ್ನು ಕೊಂದೆ. ಕೆಳಗೆ ಬಂದರೆ ಜೊತೆಯಲ್ಲಿ ದುಡಿದವರು ಹಾಗೇ ದುಡೀತಿದ್ದರು. ಎರಡೂ ಫೈಲು ಇಟ್ಟುಕೊಂಡೆ. ಎರಡು ಬ್ರಾಂಚ್ ಮಾಡಿ ಯಾವುದನ್ನೂ ಮರ್ಜ್ ಮಾಡದೇ ಬಿಟ್ಟ ಹಾಗೆ. ಆಮೇಲೆ ಯೋಚನೆ ಮಾಡಿದರೆ, ಅಲ್ಲಿ ನಾನು ಆಯ್ಕೆ ಮಾಡಿಯೇ ಇರಲಿಲ್ಲ, ಸರ್ವೇ ಮಾಡಿದ್ದೆ. ನನ್ನ ರೂಮ್‌ಮೇಟ್ ಹೇಳಿದ್ದ ಮಾತು ಬ್ರೋಕನ್ ಸ್ಟೀಲಿಗಿಂತ ಇಲ್ಲಿ ಸರಿಯಾಗಿ ಕೂರುತ್ತೆ. ಅಲ್ಲಿ ಕಂಪನಿ ನನ್ನ ಸಾವನ್ನು ವಾಪಸ್ ತಗೊಂಡಿತ್ತು. ಇಲ್ಲಿ ಒಂದು ಮಗುವಿನ ವಿಷಯದಲ್ಲಿ ನಾನೇ ಹಿಂದೆ ಮುಂದೆ ಓಡಾಡಿದ್ದೆ, ಯಾರಿಗೂ ಜವಾಬು ಕೊಡದೆ.

ಮುಂದಿನ ಆಟ ನ್ಯೂ ವೇಗಸ್‌ನಲ್ಲಿ ಡೆಡ್ ಮನಿ ಅಂತ ಒಂದು ಡಿಎಲ್‌ಸಿ ಇದೆ, ಬಿಡೋದನ್ನು ಕಲಿ ಅನ್ನೋದೇ ಅದರ ಇಡೀ ಕಥೆ. ಕಸಿನೊ ನೆಲಮಾಳಿಗೆಯಲ್ಲಿ 37 ಚಿನ್ನದ ಗಟ್ಟಿ, ಒಂದೊಂದರ ತೂಕ 35. ಹೊರಲಾರದಷ್ಟು ತೂಕ, ಬಿಟ್ಟು ಓಡಬೇಕು, ಅದೇ ಪಾಠ. ನಾನು ಗೋಡೆಗಂಟಿಕೊಂಡು ಆಮೆ ಹಾಗೆ ನಡೆದು ಮೂವತ್ತೇಳನ್ನೂ ಹೊತ್ತು ತಂದೆ. ಅಷ್ಟು ಬೆಲೆ ಕೊಡೋ ವ್ಯಾಪಾರಿ ಇಡೀ ಮೊಹಾವಿಯಲ್ಲಿ ಇಲ್ಲ. ಪೆಟ್ಟಿಗೆಯಲ್ಲಿ ಹಾಗೇ ಬಿದ್ದಿವೆ.

ಆದರೆ ರೀಲೋಡ್ ಬರೀ ಕೆಟ್ಟದ್ದು ಅಂತ ಹೇಳೋಕೂ ನನಗೆ ಮನಸ್ಸು ಬರ್ತಿಲ್ಲ, ಯಾಕಂದ್ರೆ ಚಿಕ್ಕಪ್ಪನಿಗೆ ಸಿಗದೇ ಹೋದದ್ದು ಅದೇ. ಮೊದಲನೇ ದಿನ ಇಳಿದಿದ್ರೆ ಏನಾಗ್ತಿತ್ತು ಅಂತ ತೋರಿಸೋಕೆ ಅವನ ಹತ್ರ ಇನ್ನೊಂದು ಫೈಲ್ ಇರಲಿಲ್ಲ. ಸತ್ತಿದ್ದರೆ ಎಲ್ಲರಿಗೂ ಗೊತ್ತಾಗ್ತಿತ್ತು. ಸಾಯದೇ ಉಳಿದದ್ದಕ್ಕೆ ಸಾಕ್ಷಿ ಅಂತ ಇದ್ದದ್ದು ಆರಿದ ಲಾಟೀನು ಮಾತ್ರ. ಅರ್ಧ ಟೊಮೇಟೊ ಒಣಗಿದ್ದು ಮಾತ್ರ ಎಲ್ಲರ ಕಣ್ಣಿಗೂ ಕಂಡಿತ್ತು, ಅದರ ನಷ್ಟವನ್ನು ದೊಡ್ಡಪ್ಪ ರೂಪಾಯಿಯಲ್ಲಿ ಹೇಳಬಲ್ಲರು. ದೊಡ್ಡಪ್ಪನೂ ಕೆಟ್ಟವರಲ್ಲ. ಆ ವರ್ಷ ಅವರಿಗೆ ಸಾಲ ತೀರಿಸಬೇಕಿತ್ತು.

ಹೋದ ಯುಗಾದಿಗೆ ಊರಿಗೆ ಹೋದಾಗ ಚಿಕ್ಕಪ್ಪನನ್ನು ಕೇಳಿದೆ, "ಅವತ್ತು ಇನ್ನೊಂದು ಸಲ ಯಾಕೆ ಲಾಟೀನು ಬಿಡಲಿಲ್ಲ ಚಿಕ್ಕಪ್ಪ?" ಅಂತ. ಎಲೆಗೆ ಸುಣ್ಣ ಹಚ್ತಾ ಇದ್ದ. "ಎರಡನೇ ಸಲ ಆರದೇ ಇದ್ದಿದ್ರೆ ಇಳೀಬೇಕಾಗ್ತಿತ್ತಲ್ಲಪ್ಪ" ಅಂದ.

ಬಾವಿ ಈಗ ಇಲ್ಲ. ಮಕ್ಕಳು ಬೀಳ್ತಾವೆ ಅಂತ ಮೇಲೆ ಕಲ್ಲುಚಪ್ಪಡಿ ಎಳೆದಿದ್ದಾರೆ, ಅದರ ಮೇಲೆ ದೊಡ್ಡಪ್ಪ ರಾಗಿ ಒಣಗಿಸ್ತಾರೆ.